ಎಡಗಾಲು ಅದುರಿದರೂ ಗಾಡಿ ಏರು ಹತ್ತುತ್ತದೆ

ಬೆಳಗ್ಗೆ ಆರೂವರೆಗೆ ಜಯನಗರದ ಮಾಧವನ್ ಪಾರ್ಕ್ ಕಡೆ ವಾಕಿಂಗ್ ಹೋಗುವವರಿಗೆ ಆ ಕಾರುಗಳು ಪರಿಚಿತ. ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು, ಹಿಂದೆ ಬಿಳಿ ಚೌಕದಲ್ಲಿ ಕೆಂಪು ‘ಎಲ್’, ಆಮೆಗೂ ದಾರಿ ಬಿಟ್ಟುಕೊಡುವಂಥ ನಡಿಗೆ. ಒಳಗೆ ಸ್ಟೀರಿಂಗ್ ಹಿಡಿದವರೆಲ್ಲ ಕಾಲೇಜು ಹುಡುಗರೇನಲ್ಲ. ಮಕ್ಕಳನ್ನು ಪಿಯುಸಿಗೆ ಸೇರಿಸಿ ಈಗಷ್ಟೇ ತನ್ನದೊಂದು ಗಂಟೆ ಸಿಕ್ಕಿರುವ ತಾಯಿ, ನಿವೃತ್ತಿಗೆ ಎರಡು ವರ್ಷ ಉಳಿದಿರುವ ಮೇಷ್ಟ್ರು, ಇಷ್ಟು ದಿನ ಮೆಟ್ರೋ ಸಾಕೆಂದುಕೊಂಡಿದ್ದ ಬ್ಯಾಂಕ್ ಉದ್ಯೋಗಿ. ನಾನು ಆ ಸೀಟಿನಲ್ಲಿ ಕೂತಾಗ ನನಗೆ ನಲವತ್ತಮೂರು. ಟೆಸ್ಟಿನ ದಿನ ಕ್ಲಚ್ಚಿನ ಮೇಲಿಟ್ಟ ಎಡಗಾಲು ಹೊಲಿಗೆ ಮಿಷನ್ನಿನ ಸೂಜಿಯಂತೆ ಅದುರಿತು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಫೇಲಾದೆ. ಮೂರು ವಾರ ಬಿಟ್ಟು ಮತ್ತೆ ಹೋಗಿ ಪಾಸಾದೆ. ಕಾಲು ಆವತ್ತೂ ಅಷ್ಟೇ ಅದುರುತ್ತಿತ್ತು.

ಆ ಮೂರು ವಾರದಲ್ಲಿ ಹೆದರಿಕೆ ಎಳ್ಳಷ್ಟೂ ಇಳಿಯಲಿಲ್ಲ. ಹೆದರಿಕೆಯ ಬಗ್ಗೆ ನಾನು ನಂಬಿಕೊಂಡಿದ್ದ ಒಂದಷ್ಟು ಮಾತುಗಳು ಕಳಚಿಬಿದ್ದವು, ಅಷ್ಟೇ. ಅವೇ ಮಾತುಗಳನ್ನು ಈಗ ಬನಶಂಕರಿಯ ನಮ್ಮ ಬೀದಿಯಲ್ಲಿ ಕಲಿಯುತ್ತಿರುವವರ ಬಾಯಲ್ಲಿ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

“ಕೈಕಾಲು ನಡುಗುತ್ತೆ ಅಂದ್ರೆ ನಾನಿನ್ನೂ ರೆಡಿ ಇಲ್ಲ”

ಸ್ಲಾಟ್ ಬುಕ್ ಮಾಡಿಯೂ ಹೋಗದೆ ಉಳಿಯುವವರನ್ನು ಕಟ್ಟಿಹಾಕುವುದು ಬಹುಮಟ್ಟಿಗೆ ಈ ನಂಬಿಕೆಯೇ ಎಂದು ನನ್ನ ಅನಿಸಿಕೆ. ನಡುಕ ಕಂಡಕೂಡಲೇ ‘ನನ್ನ ಕೈಲಾಗುವುದಿಲ್ಲ’ ಎಂದು ಅರ್ಥ ಮಾಡಿಕೊಳ್ಳುತ್ತೇವೆ. ದೇಹದೊಳಗೆ ನಡೆಯುತ್ತಿರುವುದೇ ಬೇರೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ದೊಡ್ಡ ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುತ್ತದೆ, ಚರ್ಮಕ್ಕೂ ಹೊಟ್ಟೆಗೂ ಕಡಿಮೆಯಾಗುತ್ತದೆ. ಬೆರಳು ತಣ್ಣಗಾಗುವುದು, ಹೊಟ್ಟೆ ತೊಳಸುವುದು ಇದರಿಂದಲೇ. ಇಪ್ಪತ್ತು ವರ್ಷ ಓಡಿಸಿದವರಿಗೂ ಸಿಲ್ಕ್ ಬೋರ್ಡ್ ಹತ್ತಿರ ಎಡಗಡೆಯಿಂದ ಟೆಂಪೊ ನುಗ್ಗಿದಾಗ ಆಗುವುದು ಇದೇ. ಅವರ ಕಾಲು ಆಗಲೂ ಬ್ರೇಕ್ ಹುಡುಕಿಕೊಳ್ಳುತ್ತದೆ.

1908ರಲ್ಲಿ ಅಮೆರಿಕದ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಇಲಿಗಳಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಎರಡು ಪೆಟ್ಟಿಗೆಗಳಲ್ಲಿ ಸರಿಯಾದದ್ದನ್ನು ಆರಿಸಲು ಕಲಿಸಿದರು. ಎರಡಕ್ಕೂ ವ್ಯತ್ಯಾಸ ಎದ್ದು ಕಾಣುವಂತಿದ್ದಾಗ ಆಘಾತ ಬಲವಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಸೂಕ್ಷ್ಮವಾಗಿದ್ದಾಗ ಮಾತ್ರ ಬಲವಾದ ಆಘಾತ ಕಲಿಕೆಯನ್ನು ಕೆಡಿಸಿತು. ಈ ಪ್ರಯೋಗವನ್ನು ‘ಹೆದರಿಕೆ ಹದವಾಗಿರಲಿ’ ಎಂಬ ಬುದ್ಧಿವಾದಕ್ಕೆ ಇಳಿಸಿಬಿಡುತ್ತಾರೆ. ನನಗೆ ಉಪಯೋಗಕ್ಕೆ ಬಂದದ್ದು ಅದರ ಇನ್ನೊಂದು ಮುಖ: ಕೆಲಸ ಸುಲಭವಾಗಿಬಿಟ್ಟರೆ ಹೆದರಿಕೆ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾದರೆ ಶ್ರಮ ಪಡಬೇಕಾದದ್ದು ಕ್ಲಚ್ಚನ್ನು ಸುಲಭ ಮಾಡಿಕೊಳ್ಳುವುದಕ್ಕೆ. ಮನಸ್ಸನ್ನು ಶಾಂತ ಮಾಡಿಕೊಳ್ಳಲು ಕೂತರೆ ದಿನ ಸಾಲುವುದಿಲ್ಲ.

ನಡುಕಕ್ಕೆ ಕೊಡುವ ಅರ್ಥ ಬದಲಾದರೂ ಫಲಿತಾಂಶ ಬದಲಾಗುತ್ತದೆ. ಜೆರೆಮಿ ಜೇಮೀಸನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಆರ್‌ಇ ಪರೀಕ್ಷೆ ಬರೆಯಲಿದ್ದ ಕೆಲವು ವಿದ್ಯಾರ್ಥಿಗಳಿಗೆ ‘ಎದೆ ಹೊಡೆದುಕೊಂಡರೆ ಅಂಕ ಕಡಿಮೆಯಾಗುವುದಿಲ್ಲ, ಹೆಚ್ಚಾಗಲೂಬಹುದು’ ಎಂದು ಮೊದಲೇ ತಿಳಿಸಿದ್ದರು. ಗಣಿತದಲ್ಲಿ ಅವರು ಉಳಿದವರಿಗಿಂತ ಹೆಚ್ಚು ಅಂಕ ತೆಗೆದರು.

ಕಾಲು ಅದುರುವುದಕ್ಕೆ ಇನ್ನೊಂದು ಸರಳ ಕಾರಣವಿದೆ, ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಸೀಟು ಹಿಂದಕ್ಕಿತ್ತು. ಹಿಮ್ಮಡಿ ನೆಲಕ್ಕೆ ತಾಗದೆ ಇಡೀ ಕಾಲು ಗಾಳಿಯಲ್ಲಿ ನಿಂತಿತ್ತು. ಹಾಗೆ ಎತ್ತಿಹಿಡಿದ ಕಾಲು ಯಾವ ಭಯವಿಲ್ಲದೆಯೂ ಅದುರುತ್ತದೆ. ಸೀಟನ್ನು ಎರಡು ಹಲ್ಲು ಮುಂದೆ ತಂದು, ಹಾಫ್ ಕ್ಲಚ್ಚಿನಲ್ಲಿ ಹಿಮ್ಮಡಿ ನೆಲ ಮುಟ್ಟುವಂತೆ ಮಾಡಿಕೊಂಡ ದಿನ ಅರ್ಧ ತೊಂದರೆ ಕಳೆಯಿತು. ಟೆಸ್ಟಿನ ದಿನ ಗಾಡಿ ಬೇರೆಯದಾದರೆ ಮೊದಲು ಮಾಡಬೇಕಾದ ಕೆಲಸ ಇದು.

ಪಕ್ಕದಲ್ಲಿದ್ದವರು ‘ಉದ್ದಕ್ಕೆ ಉಸಿರೆಳ್ಕೊಳ್ಳಿ’ ಎನ್ನುತ್ತಾರೆ. ಮೇಲಿಂದ ಮೇಲೆ ಎಳೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳು ಜುಮುಗುಡುತ್ತದೆ, ಹೆದರಿಕೆ ಇನ್ನೂ ಹೆಚ್ಚಿತು ಅನ್ನಿಸುತ್ತದೆ. ಎದೆಬಡಿತ ನಿಧಾನವಾಗುವುದು ಉಸಿರು ಬಿಡುವಾಗ. ಮೂರು ಎಣಿಸಿ ಎಳೆದು ಆರು ಎಣಿಸಿ ಬಿಡಿ, ನಾಲ್ಕೈದು ಸಲ ಸಾಕು.

“ನಲವತ್ತಾದ ಮೇಲೆ ಕೈ ಬಗ್ಗಲ್ಲ”

ಹದಿನೆಂಟರ ಹುಡುಗನಿಗೆ ಗೇರು ಬೇಗ ಒಗ್ಗುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ನಮಗೆ ಹೆಚ್ಚು ದಿನ ಬೇಕು. ಬೇಕಾದಷ್ಟು ದಿನ ತೆಗೆದುಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆ ಕಾರಿಗೆ 18 ವರ್ಷ ಎಂಬ ಕೆಳಮಿತಿ ಹಾಕಿದೆ, ಮೇಲ್ಮಿತಿ ಹಾಕಿಲ್ಲ. ನಲವತ್ತು ದಾಟಿದವರು ವೈದ್ಯರ ಸಹಿಯಿರುವ ಫಾರಂ 1ಎ ಕೊಡಬೇಕೆಂದಾಗ ನನಗೆ ಚುರುಕ್ಕೆಂದಿತ್ತು. ಆಮೇಲೆ ನೋಡಿದರೆ ಅದು ಕಣ್ಣು, ಕಿವಿ, ಅಂಗಾಂಗಗಳ ಮಾಮೂಲಿ ತಪಾಸಣೆ. ಮೂವತ್ತರಿಂದ ಐವತ್ತರೊಳಗೆ ಲೈಸೆನ್ಸ್ ಪಡೆದರೆ 10 ವರ್ಷ ಚಾಲ್ತಿಯಲ್ಲಿರುತ್ತದೆ.

ದೊಡ್ಡವರ ಮಿದುಳು ಹೊಸದಕ್ಕೆ ಬಗ್ಗುವುದಿಲ್ಲ ಎಂಬ ಮಾತಿಗೆ ಲಂಡನ್ನಿನ ಟ್ಯಾಕ್ಸಿ ಚಾಲಕರೇ ಉತ್ತರ. ಆ ಊರಿನ ಸಾವಿರಾರು ಬೀದಿಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದವರ ಮಿದುಳಿನಲ್ಲಿ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೆಳೆದಿರುವುದನ್ನು ಕ್ಯಾಥರೀನ್ ವೂಲೆಟ್ ಮತ್ತು ಎಲಿನಾರ್ ಮಗ್ವಾಯರ್ 2011ರಲ್ಲಿ ತೋರಿಸಿದರು. ಅವರೆಲ್ಲ ಬೆಳೆದ ಗಂಡಸರು, ಕೆಲಸ ಹುಡುಕಿಕೊಂಡು ಬಂದವರು.

ಅಷ್ಟು ದೂರವೂ ಹೋಗಬೇಕಾಗಿಲ್ಲ. ಜೆಪಿ ನಗರದಿಂದ ಸಾರಕ್ಕಿ ಸಿಗ್ನಲ್ ದಾಟಿ ಹದಿನೈದು ವರ್ಷ ಸ್ಕೂಟಿ ಓಡಿಸಿದ ಹೆಂಗಸಿಗೆ ಏನೇನು ಗೊತ್ತಿರುತ್ತದೆ, ಲೆಕ್ಕ ಹಾಕಿ. ಆಟೊ ಯಾವಾಗ ತಟ್ಟನೆ ಎಡಕ್ಕೆ ಕಡಿಯುತ್ತದೆ, ಬಸ್ಸಿನ ಮುಂದಿನಿಂದ ಯಾರು ರಸ್ತೆಗೆ ಇಳಿಯುತ್ತಾರೆ, ಯಾವ ಹಂಪಿಗೆ ಬಣ್ಣವಿಲ್ಲ. ಪಾದಚಾರಿಗಳು, ಸೈಕಲ್ಲಿನವರು, ಬೇರೆ ಗಾಡಿಯವರು ಏನು ಮಾಡಬಹುದೆಂದು ಮುಂದಾಗಿ ಊಹಿಸುವುದು ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ, ಟೆಸ್ಟಿನಲ್ಲಿ ನೋಡಬೇಕಾದ ಸಾಮರ್ಥ್ಯಗಳ ಪಟ್ಟಿಯಲ್ಲೇ ಇದೆ. ಅದನ್ನು ಆಕೆ ಕಲಿತಾಗಿದೆ. ಬಾಕಿ ಇರುವುದು ಮೂರು ಪೆಡಲ್ಲು, ಒಂದು ಗೇರ್ ಕೋಲು, ಮತ್ತು ಗಾಡಿಯ ಎಡ ಅಂಚು ಎಲ್ಲಿದೆ ಎಂಬ ಅಂದಾಜು.

“ಹಿಂದಿನ ದಿನ ಪೂರ್ತಿ ಓಡಿಸಿಬಿಟ್ರೆ ಕೈಗೆ ಬರುತ್ತೆ”

ಬರುವುದಿಲ್ಲ. ಕೈಕಾಲಿನ ಕಲಿಕೆ ಗಟ್ಟಿಯಾಗುವುದರಲ್ಲಿ ನಿದ್ದೆಗೆ ದೊಡ್ಡ ಪಾಲಿದೆ. ಬ್ರಿಟನ್ನಿನ ಅಂಚೆ ಇಲಾಖೆಯವರು ಪೋಸ್ಟ್‌ಮನ್‌ಗಳಿಗೆ ಕೀಬೋರ್ಡ್ ಕಲಿಸುವಾಗ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅಭ್ಯಾಸವನ್ನು ದಿನಗಳಿಗೆ ಹಂಚುವುದರ ಫಲವನ್ನು ಅಳೆದರು. 1978ರಲ್ಲಿ ಬಂದ ಆ ಅಧ್ಯಯನದಲ್ಲಿ, ದಿನಕ್ಕೆ ಒಂದೇ ಗಂಟೆ ಕಲಿತವರು ದಿನಕ್ಕೆ ನಾಲ್ಕು ಗಂಟೆ ಕೂತವರಿಗಿಂತ ಕಡಿಮೆ ಒಟ್ಟು ಗಂಟೆಗಳಲ್ಲಿ ಕೈ ಪಳಗಿಸಿಕೊಂಡರು. ಆದರೆ ತೃಪ್ತಿ ಕಡಿಮೆ ಇದ್ದದ್ದು ಅವರಿಗೇ, ದಿನಗಳು ಹೆಚ್ಚು ಹಿಡಿದವಲ್ಲ! ಕಲಿಯುವವರ ಮನಸ್ಸಿಗೆ ಹಿಡಿಸುವ ದಾರಿ ಬೇರೆ, ಕೈಗೆ ಹಿಡಿಯುವ ದಾರಿ ಬೇರೆ. ನಮ್ಮ ನಿಯಮಗಳೂ ಡ್ರೈವಿಂಗ್ ಸ್ಕೂಲಿನ ಕಾರು ತರಬೇತಿ 21 ದಿನಕ್ಕೆ ಕಡಿಮೆಯಿರಬಾರದು, ಓಡಿಸುವ ಅವಧಿ 10 ಗಂಟೆಗೆ ಕಡಿಮೆಯಿರಬಾರದು ಎನ್ನುತ್ತವೆ.

ದಿನದ ಆ ಒಂದು ಗಂಟೆಗೆ ಜಯನಗರಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. 1948ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಈ ಬಡಾವಣೆ ಮೇನು, ಕ್ರಾಸುಗಳ ಚೌಕುಳಿ. ನೂರು ಹೆಜ್ಜೆಗೊಂದು ಕೂಡುರಸ್ತೆ. ಪ್ರತಿ ಕ್ರಾಸಿನಲ್ಲೂ ಕನ್ನಡಿ, ಇಂಡಿಕೇಟರ್, ಸೆಕೆಂಡ್ ಗೇರ್, ಬಲಕ್ಕೆ ನೋಟ, ಎಡಕ್ಕೆ ನೋಟ ಎಂದು ಬಾಯಿಬಿಟ್ಟು ಹೇಳಿಕೊಂಡು ದಾಟಿದರೆ ಗಂಟೆಯಲ್ಲಿ ಐವತ್ತು ಸಲ ಅದೇ ಪಾಠ. ಟೆಸ್ಟಿನ ದಿನ ತಲೆ ಖಾಲಿಯಾದಾಗ ನೆರವಿಗೆ ಬರುವುದು ಬಾಯಿಗೆ ರೂಢಿಯಾದ ಈ ಐದು ಮಾತು.

ಹಿಂದಿನ ದಿನ ಮಾಡಬಹುದಾದ ಒಂದು ಕೆಲಸವಿದೆ. ಸ್ಲಾಟ್ ಚೀಟಿಯಲ್ಲಿ ಬರೆದಿರುವ ಜಾಗಕ್ಕೆ ಹೋಗಿ ಬೇರೆಯವರ ಟೆಸ್ಟ್ ನೋಡಿ ಬನ್ನಿ. ಜ್ಞಾನಭಾರತಿ ಆರ್‌ಟಿಒದಲ್ಲಿರುವಂಥ ಸೆನ್ಸರ್, ಕ್ಯಾಮೆರಾಗಳ ಟ್ರ್ಯಾಕ್ ಎಂದರೆ ಎಷ್ಟೋ ಜನರಿಗೆ ಗಾಬರಿ. ನನಗದು ಸಮಾಧಾನದ ಸಂಗತಿ: ಎಂಟು, ಎಚ್, ಏರು, ಎಲ್ಲರಿಗೂ ಅದೇ ಗೆರೆ, ಮುಂಚೆಯೇ ಗೊತ್ತಿರುವ ಆಕಾರ.

“ಒಂದು ಮಾತ್ರೆ ತಗೊಂಡ್ರೆ ಆಯ್ತು”

ಬೇಡವೇ ಬೇಡ. ಆಲ್‌ಪ್ರಝೋಲಾಂ ಜಾತಿಯ ಮಾತ್ರೆಗಳು ಪ್ರತಿಕ್ರಿಯೆಯನ್ನೇ ಮಂದ ಮಾಡುತ್ತವೆ. ಗಾಡಿಯ ಮೇಲೆ ಹತೋಟಿ ತಪ್ಪುವಷ್ಟು ಔಷಧದ ಪ್ರಭಾವದಲ್ಲಿ ಓಡಿಸುವುದು ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಅಪರಾಧ. ಎದೆಬಡಿತ ಇಳಿಸುವ ಪ್ರೊಪ್ರನಲಾಲ್ ಆಸ್ತಮಾ ಇದ್ದವರಿಗೆ ಅಪಾಯ. ಯಾರದೋ ಮಾತು ಕೇಳಿ ನುಂಗುವ ವಸ್ತುಗಳಲ್ಲ ಇವು. ಖಾಲಿ ಹೊಟ್ಟೆಯಲ್ಲಿ ಎರಡು ಲೋಟ ಫಿಲ್ಟರ್ ಕಾಫಿ ಕುಡಿದರೂ ನಡುಕ ಹೆಚ್ಚುತ್ತದೆ. ಇಡ್ಲಿ ತಿಂದು, ಒಂದೇ ಲೋಟ ಕುಡಿಯಿರಿ.

ಹೆದರಿಕೆ ಟೆಸ್ಟಿಗೆ ಸೀಮಿತವಾಗದೆ ವಾರಗಟ್ಟಲೆ ನಿದ್ದೆ ಕೆಡಿಸುತ್ತಿದ್ದರೆ, ಹಿಂದಿನ ಯಾವುದೋ ಅಪಘಾತ ಕಣ್ಣಿಗೆ ಕಟ್ಟಿ ರಸ್ತೆಗೇ ಇಳಿಯಲಾಗದಿದ್ದರೆ ಅದಕ್ಕೆ ಬೇರೆ ಸಹಾಯ ಬೇಕು. ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್ ಬಿಟಿಎಂ ಲೇಔಟ್‌ನಲ್ಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

“ಒಂದ್ಸಲ ಫೇಲ್ ಆದ್ರೆ ಮುಗೀತು”

ಕಾಯ್ದೆ ಹಾಗೆ ಯೋಚಿಸುವುದಿಲ್ಲ. ಫೇಲಾದವರು ಏಳು ದಿನ ಕಳೆದ ಮೇಲೆ ಮತ್ತೆ ಹಾಜರಾಗಬಹುದು. ಮೂರು ಸಲವೂ ಆಗದಿದ್ದರೆ 60 ದಿನ ಕಾಯಬೇಕು. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಬಂದ 30 ದಿನಕ್ಕೆ ಟೆಸ್ಟ್ ಕೊಟ್ಟೇ ತೀರಬೇಕೆಂದು ಕೆಲವರು ತಿಳಿದಿದ್ದಾರೆ. 30 ದಿನ ಎಂಬುದು ಅದಕ್ಕೂ ಮೊದಲು ಬರಬೇಡಿ ಎನ್ನುವ ಗಡುವು. ಎಲ್‌ಎಲ್‌ಆರ್‌ಗೆ ಆರು ತಿಂಗಳ ಆಯುಸ್ಸಿದೆ. ಕಾನೂನೇ ಕೊಟ್ಟಿರುವ ಈ ಬಿಡುವನ್ನು ಬಿಟ್ಟು 31ನೇ ದಿನವೇ ಓಡಿಹೋದದ್ದು ನನ್ನ ತಪ್ಪು.

“ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದ್ರೆ ಓಡಿಸೋಕೆ ಬರಲ್ಲ ಅಂತ ಬರ್ಕೋತಾರೆ”

ನನ್ನನ್ನು ಫೇಲ್ ಮಾಡಿದ್ದು ಈ ಮಾತು. ಹೇಳಿದವರು ನೆಂಟರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ‘ಬ್ರೇಕಿಂದ ಕಾಲು ತೆಗ್ದು ಥಟ್ ಅಂತ ಆಕ್ಸಿಲರೇಟರ್ ಒತ್ತಬೇಕು, ಅದೇ ಟೆಸ್ಟು.’ ಅದುರುವ ಕಾಲಿಗೆ ಆ ‘ಥಟ್’ ಸಾಧ್ಯವಾಗಲಿಲ್ಲ.

15ನೇ ನಿಯಮ ಏನು ಹೇಳುತ್ತದೆಂದು ಆಮೇಲೆ ಓದಿದೆ. ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನಾಗಲಿ, ಆಕ್ಸಿಲರೇಟರ್ ಮತ್ತು ಕಾಲಿನ ಬ್ರೇಕನ್ನಾಗಲಿ ಸರಿಯಾಗಿ ಬಳಸಿ, ಹಿಂದಕ್ಕೆ ಉರುಳದಂತೆ ಮತ್ತೆ ಹೊರಡಿಸಬೇಕು. ಹ್ಯಾಂಡ್ ಬ್ರೇಕಿನ ಹೆಸರು ನಿಯಮದಲ್ಲೇ, ಅದೂ ಮೊದಲಿಗೇ ಇದೆ! ಗಾಡಿ ಒಮ್ಮೆ ಆಫ್ ಆದರೆ ಫೇಲ್ ಎಂಬ ಸಾಲು ಆ ಪಟ್ಟಿಯಲ್ಲಿಲ್ಲ. ಉರುಳಬಾರದು ಎಂಬುದಿದೆ.

ಡ್ರೈವಿಂಗ್ ಕಲಿಸುವವರಿಗೆ ಇದನ್ನು ಹೇಳಿದಾಗ ಅವರು ನನ್ನನ್ನು ಬನಶಂಕರಿ ಎರಡನೇ ಹಂತದ ದೇವಗಿರಿ ಕಡೆಯ ಏರಿಗೆ ಕರೆದುಕೊಂಡು ಹೋದರು. ‘ಮೇಡಂ, ಇವತ್ತು ಮುಂದಕ್ಕೆ ಹೋಗೋದೇ ಬೇಡ. ಹ್ಯಾಂಡ್ ಬ್ರೇಕ್ ಹಾಕಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಚೂರು ಚೂರೇ ಬಿಡ್ತಾ ಬನ್ನಿ. ಗಾಡಿ ನಿಮಗೆ ಹೇಳುತ್ತೆ, ಕೇಳಿಸ್ಕೊಳ್ಳಿ.’ ಕ್ಲಚ್ಚು ಕಚ್ಚಿದ ಜಾಗದಲ್ಲಿ ಎಂಜಿನ್ನಿನ ಸದ್ದು ತಗ್ಗಿ ದಪ್ಪಗಾಯಿತು, ಬಾನೆಟ್ಟು ಒಂದು ಬೆರಳು ಮೇಲೆದ್ದಿತು, ಸೀಟಿನ ಕೆಳಗೆ ಸಣ್ಣ ನಡುಕ ಬಂತು. ಅದು ನನ್ನ ನಡುಕವೋ ಗಾಡಿಯದೋ ಬೇರೆ ಮಾಡಿ ತಿಳಿಯುವುದಕ್ಕೆ ಆ ಬೆಳಗ್ಗೆ ಪೂರ್ತಿ ಹಿಡಿಯಿತು. ಮಾರನೆಯ ದಿನ ಮತ್ತೆ ಅಷ್ಟೇ. ಮೂರನೆಯ ದಿನ, ಆ ಜಾಗದಲ್ಲಿ ಹಿಮ್ಮಡಿಯೂರಿ ಕಾಲನ್ನು ಹಾಗೇ ಇಟ್ಟು, ಆಕ್ಸಿಲರೇಟರ್ ತುಸು ಒತ್ತಿ, ಹ್ಯಾಂಡ್ ಬ್ರೇಕ್ ಇಳಿಸಿದೆ. ಹಿಂದೆ ತರಕಾರಿ ಗಾಡಿಯವನೊಬ್ಬ ನಿಂತಿದ್ದ. ಅವನ ಕಡೆಗೆ ಒಂದು ಇಂಚೂ ಉರುಳಲಿಲ್ಲ.

ಎರಡನೇ ಟೆಸ್ಟಿನಲ್ಲಿ ಏರಿನ ನಡುವೆ ನಿಲ್ಲಿಸಲು ಹೇಳಿದಾಗ ಎದೆ ಕಿವಿಯಲ್ಲಿ ಬಡಿಯುತ್ತಿತ್ತು. ಆರು ಎಣಿಸಿ ಉಸಿರು ಬಿಟ್ಟೆ. ಹ್ಯಾಂಡ್ ಬ್ರೇಕ್ ಎಳೆದೆ, ಫಸ್ಟ್ ಗೇರ್ ಹಾಕಿದೆ. ಎಡಗಾಲು ಅದುರುತ್ತಲೇ ಮೇಲೆ ಬಂತು. ಸದ್ದು ದಪ್ಪಗಾಯಿತು, ಬಾನೆಟ್ಟು ಎದ್ದಿತು.