ಬಲೆ, ಮಂಜುಗಡ್ಡೆಯ ಜೊತೆ ಲೈಫ್ ಜಾಕೆಟ್ ಕೂಡ ಇರಲಿ

ಮುಂಬಯಿ: ನಾರಳಿ ಪೂರ್ಣಿಮೆಯಂದು ವರ್ಸೋವಾ, ಮಡ್, ವರ್ಲಿಯ ಕೋಳಿ ಬಾಂಧವರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಆದರೆ ದೂರ ಸಮುದ್ರಕ್ಕೆ ಹೋಗುವ ಸಣ್ಣ ದೋಣಿಯ ಸಿದ್ಧತೆ ಅದಕ್ಕೂ ಮೊದಲೇ ಆರಂಭವಾಗಿರುತ್ತದೆ. ಜೂನ್-ಜುಲೈ ತಿಂಗಳ 61 ದಿನಗಳ ನಿಷೇಧದಲ್ಲಿ ದಡಕ್ಕೇರಿಸಿದ ದೋಣಿಯ ತಳ ಕೆರೆದು, ಬಿರುಕು ಮುಚ್ಚಿ, ಬಣ್ಣ ಬಳಿಯಬೇಕು. ಎಂಜಿನ್ ಬಿಚ್ಚಿ ನೋಡಬೇಕು, ಹರಿದ ಬಲೆ ಹೊಲಿಯಬೇಕು. ಊರಿನ ಮೊಗವೀರರಿಗೂ ಇದೇ ವಾಡಿಕೆ. 1902ರಲ್ಲೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ ಈ ಸಮಾಜದ ಎಷ್ಟೋ ಮನೆಗಳಿಗೆ ಊರಲ್ಲಿ ಇಂದಿಗೂ ಕಡಲೇ ಅನ್ನ.

ಮಂಜುಗಡ್ಡೆ, ಕುಡಿಯುವ ನೀರು, ಅಕ್ಕಿಯನ್ನು ಯಾರೂ ಮರೆಯುವುದಿಲ್ಲ. ಲೈಫ್ ಜಾಕೆಟ್ ಮಾತ್ರ ಮೂಲೆಯಲ್ಲಿ ಬಿದ್ದಿರುತ್ತದೆ. ಬಲೆ ಎಳೆಯಲು ಅಡ್ಡಿ ಎಂಬುದು ನೆಪ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ 7 ಮಂದಿಯೊಂದಿಗೆ ಹೊರಟ 'ಸುವರ್ಣ ತ್ರಿಭುಜ' ಬೋಟು ಮರಳಲಿಲ್ಲ. ಅದರ ಅವಶೇಷ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಕಡಲಾಳದಲ್ಲಿ ಸಿಕ್ಕಿತು. ಅದೇನೂ ಸಣ್ಣ ದೋಣಿಯಲ್ಲ!

ಇಂಧನದ ಮೂರನೇ ಒಂದು ಪಾಲು ಹೋಗಲು, ಇನ್ನೊಂದು ಬರಲು, ಉಳಿದದ್ದು ಆಪತ್ತಿಗೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆ ನೋಡಿಯೇ ಲಂಗರು ಎತ್ತಬೇಕು. ದಡ ದೂರವಾದಂತೆ ಮೊಬೈಲ್ ಸತ್ತುಹೋಗುತ್ತದೆ. ಆಗ ಉಪಯೋಗಕ್ಕೆ ಬರುವುದು ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್. 2008ರ ನವೆಂಬರಿನಲ್ಲಿ ಉಗ್ರರು 'ಕುಬೇರ್' ಮೀನುಗಾರಿಕಾ ದೋಣಿಯನ್ನು ಅಪಹರಿಸಿ ಮುಂಬಯಿಗೆ ಬಂದ ಬಳಿಕ ತಪಾಸಣೆ ಬಿಗಿಯಾಗಿರುವುದರಿಂದ ನೋಂದಣಿ ಪತ್ರ, ಗುರುತಿನ ಚೀಟಿಯೂ ಜೊತೆಗಿರಬೇಕು.

ಯಾವ ದಿಕ್ಕಿಗೆ ಹೋಗುವುದು, ಯಾವಾಗ ಬರುವುದು ಎಂದು ಮನೆಯಲ್ಲಿ ಹೇಳಿಟ್ಟರೆ, ಹೊತ್ತು ಮೀರಿದಾಗ ಮನೆಯವರು ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಬಹುದು.