ಅಂಗಡಿ ನಮ್ಮದು, ವೆಬ್‌ಸೈಟ್ ಯಾರ ಹೆಸರಲ್ಲಿದೆ?

ಲಕ್ಷ್ಮೇಶ್ವರದಲ್ಲಿ ಬೇಕರಿ ಇಟ್ಟಿರುವ ನಮ್ಮ ಬಂಟ್ವಾಳ ಕಡೆಯ ಕಾಕ ಒಬ್ಬರು ಜುಮಾ ನಮಾಝ್ ಮುಗಿದ ಮೇಲೆ ನಮ್ಮ ಕೈಗೆ ಖಾಲಿ ಕೇಕ್ ಬಾಕ್ಸ್ ಕೊಟ್ಟರು. "ಉಸ್ತಾದ್, ಇದರ ಮೇಲಿರುವ ವೆಬ್‌ಸೈಟ್ ಹೆಸರು ಫೋನಿನಲ್ಲಿ ಹಾಕಿ ನೋಡಿ" ಅಂದರು. ಹಾಕಿದೆವು. ಬೇಕರಿಯೂ ಇಲ್ಲ, ಕೇಕೂ ಇಲ್ಲ. ಈ ಹೆಸರು ಮಾರಾಟಕ್ಕಿದೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಅಷ್ಟೇ.

ಆದದ್ದು ಇಷ್ಟು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನ್, ಅಂದರೆ ಬೇಕರಿಯ ಇಂಟರ್ನೆಟ್ ಹೆಸರನ್ನು, ತನ್ನ ಹೆಸರಲ್ಲಿ, ತನ್ನದೇ ಇಮೇಲ್ ಕೊಟ್ಟು ಒಂದು ವರ್ಷಕ್ಕೆ ನೋಂದಾಯಿಸಿದ್ದ. ಆಮೇಲೆ ಗಲ್ಫಿಗೆ ಹೋದ, ನಂಬರ್ ಬದಲಾಯಿತು. ಅವಧಿ ಮುಗಿಯುತ್ತಿದೆ ಎಂಬ ಸೂಚನೆಗಳೆಲ್ಲ ಅವನ ಇಮೇಲಿಗೇ ಹೋದವು. ಕಾಕನಿಗೆ ಉಳಿದದ್ದು ಆ ಹೆಸರು ಅಚ್ಚಾದ 2,000 ಬಾಕ್ಸು.

ಹುಡುಗ ಮೋಸಗಾರ ಅಂತ ನಾವು ಹೇಳುವುದಿಲ್ಲ. 'ನಮ್ಮವನೇ ಅಲ್ವಾ' ಅಂತ ಇಬ್ಬರೂ ಏನನ್ನೂ ಬರೆದಿಡಲಿಲ್ಲ. ಕುರ್‌ಆನಿನ ಅತಿ ದೀರ್ಘ ಆಯತ್, ಅಲ್-ಬಖರದ 282ನೆಯದು, ಗಡುವಿಟ್ಟ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಸಣ್ಣದಾಗಲಿ ದೊಡ್ಡದಾಗಲಿ, ಬರೆಯಲು ಬೇಸರಪಡಬಾರದು ಎಂಬ ತಾಕೀತೂ ಅದರಲ್ಲಿದೆ. ಮಕ್ಕಳಿಗೆ ಓದಿಸುತ್ತೇವೆ, ಅಂಗಡಿಗೆ ಬಂದರೆ ಎಲ್ಲ ಬಾಯಿಮಾತು.

ಜಮೀನು ಕೊಳ್ಳುವಾಗ ಉತಾರ ಯಾರ ಹೆಸರಲ್ಲಿದೆ ಅಂತ ಶಿರಹಟ್ಟಿ, ಮುಂಡರಗಿಯ ರೈತರು ಮೊದಲು ನೋಡುತ್ತಾರೆ. ಡೊಮೇನ್ ಕೂಡ ಹಾಗೇ. ನಿಮ್ಮ ಹೆಸರು, ನಿಮ್ಮ ಇಮೇಲ್ ಇರಬೇಕು, ಓಟಿಪಿ ನಿಮ್ಮ ಫೋನಿಗೇ ಬರಬೇಕು. ಡಾಟ್ ಇನ್ ಹೆಸರನ್ನು ಒಮ್ಮೆಗೇ 10 ವರ್ಷದವರೆಗೂ ತೆಗೆದುಕೊಳ್ಳಬಹುದು. ಹೋಸ್ಟಿಂಗ್ ಬೇರೆ, ಅದು ಸೈಟ್ ಇಡುವ ಜಾಗದ ಬಾಡಿಗೆ. ಅದನ್ನು ಪ್ರತಿ ವರ್ಷ ಯಾರು ಕಟ್ಟುವುದು, ಎಷ್ಟು ಪುಟ, ಯಾವ ತಾರೀಕಿಗೆ ಮುಗಿಯಬೇಕು, ಮುಂಗಡ ಎಷ್ಟು, ಆಮೇಲೆ ರೇಟು ಬದಲಾದರೆ ತಿದ್ದುವವರು ಯಾರು, ಇಷ್ಟನ್ನು ಅರ್ಧ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಹಿಗೆ ಹಿಂಜರಿಯುವವನಿಗೆ ಸಲಾಂ ಹೇಳಿ ಎದ್ದು ಬನ್ನಿ.

ಕೆಲಸ ಬಲ್ಲವನೋ ಅಲ್ಲವೋ ತಿಳಿಯುವುದು ಹೇಗೆ? ಗದಗ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಹೆಸರಾದ ಊರು. ಮದುವೆ ಕಾಗದ ಮಾಡಿಸುವಾಗ ನಾವು ಹಳೆ ಸ್ಯಾಂಪಲ್ ನೋಡುತ್ತೇವೆ, ಪ್ರೂಫ್ ತಿದ್ದುತ್ತೇವೆ. ಇಲ್ಲಿಯೂ ಅದೇ. ಅವನು ಮಾಡಿದ ಮೂರು ಸೈಟುಗಳನ್ನು ಅವನ ಲ್ಯಾಪ್‌ಟಾಪಿನಲ್ಲಲ್ಲ, ನಿಮ್ಮ ಫೋನಿನಲ್ಲಿ ತೆರೆಯಿರಿ. ಆ ಅಂಗಡಿಯವರಿಗೆ ಫೋನ್ ಮಾಡಿ ಕೇಳಿ.

ಕನ್ನಡದ್ದು ಒಂದು ಪರೀಕ್ಷೆ ಇದೆ. ಸೈಟಿನ ಒಂದು ಕನ್ನಡ ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾದರೆ ಅದು ಡಿಟಿಪಿಯ ಹಳೆ ಫಾಂಟು, ಯೂನಿಕೋಡ್ ಅಲ್ಲ. ಕಾಪಿಯೇ ಆಗದಿದ್ದರೆ ಬಹುಶಃ ಸಾಲು ಚಿತ್ರವಾಗಿ ಕೂತಿದೆ. ಹಳೆ ಫಾಂಟಿನಲ್ಲಿ ಬರೆದದ್ದು ಕನ್ನಡದಲ್ಲಿ ಹುಡುಕುವ ಗಿರಾಕಿಗೆ ಸಿಗುವುದಿಲ್ಲ.

ಎಲ್ಲರಿಗೂ ವೆಬ್‌ಸೈಟ್ ಬೇಕೆಂದೂ ಇಲ್ಲ. ಬೆಟಗೇರಿಯ ಕೈಮಗ್ಗದ ಸೀರೆಯನ್ನು ಮನೆಯಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಮಾರುವ ತಂಗಿಗೆ ಅದೇ ಸಾಕು. ಸಣ್ಣ ಹೋಟೆಲಿಗೆ ಗೂಗಲ್ ಮ್ಯಾಪಿನಲ್ಲಿ ಹೆಸರು, ಫೋನು, ಸಮಯ ಇದ್ದರೆ ಸದ್ಯಕ್ಕೆ ಆಯಿತು, ಅದಕ್ಕೆ ದುಡ್ಡಿಲ್ಲ.

ಕಾಕ ಈಗ ಹೊಸ ಹೆಸರು ತೆಗೆದುಕೊಂಡಿದ್ದಾರೆ, ತಮ್ಮದೇ ಇಮೇಲಿನಲ್ಲಿ. ಪಿಯುಸಿ ಓದುವ ಮಗಳು ಮನೆಯಲ್ಲೇ ಕೂತು ನೋಂದಾಯಿಸಿದಳು. ಅಸರ್ ಆದ ಮೇಲೆ ತಮ್ಮಂದಿರ ಜೊತೆ ಕೂತು ಹಳೆ ಬಾಕ್ಸಿನ ಮೇಲೆ ಸ್ಟಿಕ್ಕರ್ ಅಂಟಿಸುತ್ತಿದ್ದಾಳೆ. ಇನ್ನೂ ಅರ್ಧ ಬಾಕಿ ಇದೆಯಂತೆ.