ನಾದದ ಜೀವಾಳ

ತಂಬೂರಿಯ ತಂತಿಗೂ ಕುದುರೆಗೂ ನಡುವೆ ನೂಲೆಳೆಯೊಂದನ್ನು ತೂರಿಸಿ, ತಕ್ಕ ಎಡೆಯಲ್ಲಿ ನಿಲ್ಲಿಸಿದಾಗಲೇ ನಾದಕ್ಕೆ ಜೀವ ಬರುವುದು. ಮಿಡಿದ ತಂತಿಯು ಕುದುರೆಯ ಬೆನ್ನನ್ನು ಮೆಲ್ಲಗೆ ತಾಕಿ ತಾಕಿ, ಮೂಲಸ್ವರದೊಡನೆ ಮೇಲಿನ ಉಪಸ್ವರಗಳನ್ನೂ ಎಬ್ಬಿಸುತ್ತದೆ.

ಕಳೆದ ಮಳೆಗಾಲದಲ್ಲಿ ಇಕ್ಕೇರಿಯ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಗನು ಬೆಸುಗೆ ಹಾಕುತ್ತ ಗಿಟಾರಿಗೊಂದು 'ಫಜ್' ಪೆಡಲನ್ನು ಕಟ್ಟುತ್ತಿದ್ದನು. ಕಾಲಿನಿಂದ ಒತ್ತುವ ಆ ಪುಟ್ಟ ಡಬ್ಬಿಯಿಂದ ಹೊರಟ ಒರಟು ದನಿಯನ್ನು ಕೇಳಿ, "ಚೆಂದದ ನಾದವನ್ನೇಕೆ ಕೆಡಿಸುತ್ತೀಯೊ?" ಎಂದು ಗದರಿದೆನು.

"ಹಾಗಾದ್ರೆ ಅಜ್ಜಯ್ಯ, ನಿಮ್ಮ ತಂಬೂರಿ ದಾರ ತೆಗೆದುಬಿಡ್ಲಾ?" ಎಂದನು. ನಾನು ನಿರುತ್ತರನಾದೆನು.

ಅವನು ವಿವರಿಸಿದ ಮರ್ಮವಿದು: ಗಿಟಾರಿನಿಂದ ಬಂದ ವಿದ್ಯುತ್ತಿನ ಅಲೆಯನ್ನು ಟ್ರಾನ್ಸಿಸ್ಟರು ತನ್ನ ಮಿತಿಮೀರಿ ಹಿಗ್ಗಿಸಹೊರಟಾಗ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ, ಹಾಗೆ ಮೊಂಡಾದ ಅಲೆಯಲ್ಲಿ ಹೊಸ ಉಪಸ್ವರಗಳು ಹುಟ್ಟುತ್ತವೆ. ಇದರ ಮೂಲವೂ ಒಂದು ಕೆಡುಕೇ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡೊಂದನ್ನು ಮುದ್ರಿಸುವಾಗ ಯಂತ್ರ ಕೆಟ್ಟು ಗಿಟಾರು ಗೊರಗುಟ್ಟಿತು; 1961ರಲ್ಲಿ ಹೊರಬಂದ ಆ ಹಾಡು ಜನಪ್ರಿಯವಾಯಿತು. ಮುದ್ರಣದ ಎಂಜಿನಿಯರಾಗಿದ್ದ ಗ್ಲೆನ್ ಸ್ನಾಡಿ ಅದೇ ದನಿಯನ್ನು ಬೇಕೆಂದೇ ಹೊರಡಿಸುವ ಉಪಕರಣದ ರಚನೆಗೆ ತೊಡಗಿದರು. 1962ರಲ್ಲಿ 'ಮ್ಯಾಸ್ಟ್ರೊ ಫಜ್‌ಟೋನ್' ಪೇಟೆಗೆ ಬಂದಿತು. ಅದರೊಳಗಿದ್ದುದು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರುಗಳು.

ಜರ್ಮೇನಿಯಂ ಸೆಕೆಗೂ ಚಳಿಗೂ ಗುಣ ಬದಲಿಸುವ ವಸ್ತು. ಒಂದೇ ಹೆಸರಿನ ಎರಡು ಟ್ರಾನ್ಸಿಸ್ಟರುಗಳೂ ಒಂದೇ ಬಗೆಯಲ್ಲಿ ನುಡಿಯಲಾರವು. ಆದ್ದರಿಂದ ಮೊಮ್ಮಗನು ಹತ್ತಾರನ್ನು ಕೂಡಿಟ್ಟು, ಒಂದೊಂದನ್ನಾಗಿ ಸಿಕ್ಕಿಸಿ ಕೇಳಿ ಆರಿಸುತ್ತಾನೆ. ತಂಬೂರಿಯಲ್ಲೂ ನೂಲು ಕೂದಲೆಳೆಯಷ್ಟು ಸರಿದರೆ ಜೀವ ಹೋಯಿತು. ಎರಡು ಕಡೆಯೂ ಕಿವಿಯೇ ಪ್ರಮಾಣ.

ಈಗ ಸಂಜೆಯ ಹೊತ್ತು ಜಗಲಿಯಲ್ಲಿ ಅವನು ಗುಂಡಿ ತಿರುವುತ್ತಾನೆ, ನಾನು ನೂಲು ಸರಿಸುತ್ತೇನೆ. ಗದರುವುದನ್ನು ಬಿಟ್ಟಿದ್ದೇನೆ.